ಸೇತುವೆಯಾಚೆಯ ಓಟು

ನವೆಂಬರ್ 5, ಬುಧವಾರ

ಭೇರಿ ಮೊಳಗಲಿ! ಪರದೆ ಮೇಲೇಳಲಿ! ಐಯೊವಾ ನಮ್ಮದಾಯಿತು!

ಎರಡು ಸಾವಿರದ ನೂರ ನಲವತ್ತು ಓಟಿನ ಅಂತರ. ನಮ್ಮಪ್ಪನ ಡೇರೆಯಲ್ಲಿ ಎರಡು ಆಟಕ್ಕೆ ಸೇರುತ್ತಿದ್ದಷ್ಟು ಜನ. ಅಷ್ಟರಲ್ಲೇ, ಅಧ್ಯಕ್ಷಗಿರಿಗೆ ನಿಂತ ನಮ್ಮ ಸೆನೆಟರ್ ಈ ರಾಜ್ಯ ಗೆದ್ದರು, ಈ ರಾಜ್ಯ ಗೆದ್ದದ್ದರಿಂದ ದೇಶವನ್ನೇ ಗೆದ್ದರು. ಇನ್ನು ಕೊನೆಯ ಅಂಕ. ಅದರಲ್ಲಿ ರಂಗಕ್ಕೆ ಬರುವವನು ಯಾರು? ಕಿಯೊಕಕ್ ಊರಿನ ಡೆಲ್ಮರ್ ಸ್ಟೌಟ್! ಸ್ಟೌಟ್ ನಾಟಕ ಕಂಪನಿಯ ಮಾಲೀಕರ ಮಗ, ನಾಲ್ಕನೇ ವಯಸ್ಸಿಗೆ ಮುಖಕ್ಕೆ ಬಣ್ಣ ಹಚ್ಚಿಕೊಂಡವನು, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ನಾಟಕ ಕಲಿಸಿದವನು, ಪಕ್ಷದ ಸಭೆಗಳಿಗೆ ಇಪ್ಪತ್ತು ವರ್ಷ ಕುರ್ಚಿ ಹಾಕಿ, ತೆಗೆದು, ಮತ್ತೆ ಹಾಕಿದವನು!

ಜನ ಪಾಪ, ಅಧ್ಯಕ್ಷರಿಗೆ ಓಟು ಹಾಕಿದೆವು ಅಂದುಕೊಂಡಿದ್ದಾರೆ. ಇಲ್ಲ ಸ್ವಾಮಿ! ನೀವು ಹಾಕಿದ್ದು ನನಗೆ. ನನಗೂ ನನ್ನಂಥ ಇನ್ನಾರು ಜನಕ್ಕೂ. ಐಯೊವಾಕ್ಕೆ ಏಳು ಎಲೆಕ್ಟರುಗಳು, ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು. ರಾಜ್ಯದಲ್ಲಿ ಒಂದೇ ಓಟು ಹೆಚ್ಚು ಬಂದರೂ ಆ ಪಕ್ಷದ ಏಳಕ್ಕೆ ಏಳೂ ಜನ. ನಾವು ಡಿಸೆಂಬರ್ ಹದಿನೈದಕ್ಕೆ ರಾಜಧಾನಿ ಡೆ ಮೊಯ್ನ್‌ನಲ್ಲಿ ಶಾಸನಸಭೆಯ ಚಿನ್ನದ ಗುಮ್ಮಟದ ಕೆಳಗೆ ಸೇರಿ ಓಟು ಹಾಕಬೇಕು. ಆಗಲೇ ಅದು ಓಟು. ಇಡೀ ದೇಶಕ್ಕೆ ಇಂಥವರು ಐನೂರ ಮೂವತ್ತೆಂಟು. ನಮ್ಮ ಕಡೆ ಇನ್ನೂರ ಎಪ್ಪತ್ತೊಂದು, ಎದುರಾಳಿ ಗವರ್ನರಮ್ಮನ ಕಡೆ ಇನ್ನೂರ ಅರವತ್ತೇಳು. ಕತ್ತಿಯ ಅಲಗಿನ ಮೇಲೆ ನಿಂತಿದೆ ಸಿಂಹಾಸನ!

ಇದನ್ನೆಲ್ಲ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ. ನನ್ನ ಹೆಂಡತಿ ಟ್ವೈಲಾ ಆಲೂಗೆಡ್ಡೆ ಸುಲಿಯುತ್ತಿದ್ದಳು. "ಮಹಾರಾಯ, ಒಂದು ಸಹಿಗೆ ಇಷ್ಟು ಆರ್ಭಟನಾ? ಪಾರ್ಸೆಲ್ ತಂದವನು ಬಂದಾಗ್ಲೂ ಸಹಿ ಹಾಕ್ತೀಯಲ್ಲ" ಎಂದಳು.

ಕಲೆಯ ಬೆಲೆ ಮನೆಯಲ್ಲಿ ಯಾವಾಗಲೂ ಇಷ್ಟೇ.

ನವೆಂಬರ್ 9, ಭಾನುವಾರ

ದೇಶದ ಎಣಿಕೆ ಮುಗಿಯುತ್ತಾ ಬಂದಿದೆ. ಒಟ್ಟು ಓಟಿನಲ್ಲಿ ಗವರ್ನರಮ್ಮ ಹನ್ನೊಂದು ಲಕ್ಷ ಮುಂದೆ. ಆದರೂ ಸೋತಿದ್ದಾಳೆ. ಚರ್ಚು ಮುಗಿಸಿ ಹೋಟೆಲಿಗೆ ಹೋದರೆ ಎಲ್ಲರ ಬಾಯಲ್ಲೂ ಅದೇ. ಕ್ಷೌರಿಕ ವೆಂಡೆಲ್ ಕಾಫಿ ಕಲಕುತ್ತಾ ಕೇಳಿದ, "ಡೆಲ್ಮರ್, ಹನ್ನೊಂದು ಲಕ್ಷ ಜಾಸ್ತಿ ಬಂದೋರು ಮನೆಗೆ, ಕಮ್ಮಿ ಬಂದೋರು ಅರಮನೆಗೆ. ಇದು ಯಾವ ಸೀಮೆ ಲೆಕ್ಕ ಹೇಳು?"

ನಾನು ಎದ್ದು ನಿಂತೆ. ಇಂಥದಕ್ಕೆ ಕೂತು ಉತ್ತರ ಕೊಡಬಾರದು. "ವೆಂಡೆಲ್, ನಾಟಕದಲ್ಲಿ ಹೆಚ್ಚು ಮಾತಿರೋನು ನಾಯಕನೇನೋ? ಕಡೇ ಅಂಕದಲ್ಲಿ ನಿಂತಿರೋನು ನಾಯಕ!"

ಹೋಟೆಲು ಗೊಳ್ಳೆಂದಿತು. ವೆಂಡೆಲ್ ನಗಲಿಲ್ಲ. "ನಾನು ನಿಮ್ಮವರಿಗೇ ಹಾಕಿದ್ದು ಕಣಯ್ಯ. ಸುಮ್ನೆ ಕೇಳ್ದೆ" ಎಂದ.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅಕ್ಕ ಫೋನು ಮಾಡುತ್ತಾಳೆ. ಇವತ್ತು ಮಾಡಲಿಲ್ಲ. ಅವಳು ನದಿಯಾಚೆ ಹ್ಯಾಮಿಲ್ಟನ್‌ನಲ್ಲಿದ್ದಾಳೆ, ಇಲಿನಾಯ್ ರಾಜ್ಯ. ಗವರ್ನರಮ್ಮನ ಪಕ್ಷ. ಸೋತ ಸಿಟ್ಟಿರಬೇಕು. ಐದಕ್ಕೆ ಒಮ್ಮೆ, ಆರಕ್ಕೆ ಒಮ್ಮೆ ಫೋನು ಎತ್ತಿ ನೋಡಿದೆ. ಸರಿಯಾಗಿಯೇ ಇತ್ತು.

ನವೆಂಬರ್ 14, ಶುಕ್ರವಾರ

ಪತ್ರಗಳು! ಅಂಚೆಯವಳು ಇವತ್ತು ಮೂರು ಚೀಲ ತಂದು ಜಗಲಿಯಲ್ಲಿ ಕೆಡವಿದಳು. "ಮುಂದಿನ ಸಲ ನಿಲ್ಲೋದಾದ್ರೆ ಮೊದಲೇ ಹೇಳಿ ಸಾರ್, ರಜಾ ಹಾಕ್ತೀನಿ" ಎಂದಳು. ಎಲೆಕ್ಟರುಗಳ ವಿಳಾಸ ಯಾವುದೋ ಪತ್ರಿಕೆಯಲ್ಲಿ ಬಂದಿದೆಯಂತೆ. ಎಲ್ಲದರಲ್ಲೂ ಒಂದೇ ಮಾತು: ಮನಸ್ಸು ಬದಲಾಯಿಸಿ, ಜನ ಆರಿಸಿದವರಿಗೇ ಹಾಕಿ. ನಮ್ಮ ರಾಜ್ಯದಲ್ಲಿ ಎಲೆಕ್ಟರನ ಕೈಯನ್ನು ಕಾನೂನು ಕಟ್ಟಿಲ್ಲ. ಅವನು ಕೊಟ್ಟ ಮಾತು ಕಟ್ಟಿದೆ, ಅಷ್ಟೆ.

ಎಪ್ಪತ್ತೊಂದು ವರ್ಷದಲ್ಲಿ ನನಗೆ ಇಷ್ಟು ಪ್ರೇಕ್ಷಕರು ಸಿಕ್ಕಿರಲಿಲ್ಲ. ಟ್ವೈಲಾಳನ್ನು ಕೂರಿಸಿ ಗಟ್ಟಿಯಾಗಿ ಓದಿದೆ. ಅಳುವ ಪತ್ರಕ್ಕೆ ಅಳುವ ದನಿ, ಬೈಯುವ ಪತ್ರಕ್ಕೆ ಬೈಯುವ ದನಿ. ಬೈಗುಳಗಳೇ ಚೆನ್ನಾಗಿದ್ದವು.

ಒಂದು ಪತ್ರಕ್ಕೆ ಮಾತ್ರ ಯಾವ ದನಿಯೂ ಹೊಂದಲಿಲ್ಲ. ಕ್ಯಾಲಿಫೋರ್ನಿಯಾದ ಒಬ್ಬ ನಲ್ಲಿ ರಿಪೇರಿಯವನು ಬರೆದದ್ದು. "ನಾನು ನಿಮ್ಮ ಸೆನೆಟರಿಗೇ ಹಾಕಿದೆ. ಇಲ್ಲಿ ನಮ್ಮಂಥವರು ಐವತ್ತು ಲಕ್ಷ ಜನ ಇದ್ದೇವೆ. ರಾಜ್ಯ ಗವರ್ನರ ಕಡೆ ಹೋಯಿತು, ನಮ್ಮದಷ್ಟೂ ನೀರಿಗೆ ಹೋಯಿತು. ಅವರದು ಮಾತ್ರ ಹೋಗಿದೆ ಅಂದುಕೊಳ್ಳಬೇಡಿ. ನಿಮ್ಮಿಂದ ಏನೂ ಬೇಡ. ಹೇಳಬೇಕೆನಿಸಿತು."

ಏನೂ ಬೇಡ ಎನ್ನುವವನಿಗೆ ಏನೆಂದು ಉತ್ತರಿಸುವುದು? ಗ್ಯಾರೇಜಿಗೆ ಹೋಗಿ ಹಳೆಯ ಬಣ್ಣದ ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಿದೆ. ಆಮೇಲೆ ಇನ್ನೊಂದು ರೀತಿ ಜೋಡಿಸಿದೆ.

ನವೆಂಬರ್ 20, ಗುರುವಾರ

ಪಕ್ಷದ ಜಿಲ್ಲಾ ಕಾರ್ಯದರ್ಶಿ ನೋರೀನ್ ಹೆಕ್ ಫೋನು ಮಾಡಿದಳು. ಡಿಸೆಂಬರಿನ ಓಟು ಮುಗಿದ ಮೇಲೆ ಫಲಿತಾಂಶವನ್ನು ಸಭೆಗೆ ಓದಿ ಹೇಳುವ ಕೆಲಸ ನನಗಂತೆ! "ನಿನ್ನ ಗಂಟಲಿದ್ರೆ ಮೈಕೇ ಬೇಡ ನೋಡು. ಮೂರು ಸಾಲು, ಓದಿ ಇಳಿದ್ಬಿಡು. ಸ್ವಂತದ್ದೇನೂ ಸೇರಿಸ್ಬೇಡಪ್ಪ ದೇವರೇ!"

ಮೂರು ಸಾಲು. ಮೂರು ಸಾಲಿನಲ್ಲಿ ಜನರನ್ನು ಅಳಿಸಿದವನು ನಮ್ಮಪ್ಪ. ಬಚ್ಚಲಲ್ಲಿ ನಿಂತು ಹದಿನಾಲ್ಕು ರೀತಿಯಲ್ಲಿ ಓದಿದೆ. ಹನ್ನೊಂದನೆಯದು ಚೆನ್ನಾಗಿತ್ತು.

ನವೆಂಬರ್ 27, ಗುರುವಾರ, ಥ್ಯಾಂಕ್ಸ್‌ಗಿವಿಂಗ್

ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದೆವು. ಪ್ರತಿ ವರ್ಷದ ಪದ್ಧತಿ, ತಪ್ಪಿಸುವಂತಿಲ್ಲ. ಸೇತುವೆ ದಾಟಲು ನಾಲ್ಕು ನಿಮಿಷ. ಅಷ್ಟರಲ್ಲಿ ಟ್ವೈಲಾ ಮೂರು ಸಲ "ಬಾಯಿ ಮುಚ್ಕೊಂಡಿರು" ಎಂದಳು.

ಆರ್ಡಿಸ್ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹಬ್ಬದ ಟರ್ಕಿ ಕೋಳಿ ಕೊಯ್ಯುತ್ತಿದ್ದಳು, ನನ್ನ ಮುಖ ನೋಡಲಿಲ್ಲ. ನಾನೇ ತಡೆಯಲಾರದೆ ಶುರು ಮಾಡಿದೆ. "ಅಕ್ಕಾ, ಸೋಲು ಗೆಲುವು ಇದ್ದದ್ದೇ. ಕೋಪ ಯಾಕೆ?"

"ಸೋತಿದ್ದಕ್ಕೆ ಕೋಪ ಅಂತ ಯಾರೋ ಹೇಳಿದ್ದು?" ಚಾಕು ನಿಂತಿತು. "ಅಕ್ಟೋಬರಲ್ಲಿ ನಿಮ್ಮೂರಿಗೆ ಪ್ರಚಾರ ಸಭೆಗೆ ಗವರ್ನರಮ್ಮ ಬಂದಿದ್ಲಲ್ಲ, ನಾನೂ ಬಂದಿದ್ದೆ. ಆ್ಯಪಲ್ ಪೈ ಮಾಡ್ಕೊಂಡು ಸೇತುವೆ ದಾಟಿ ಬಂದಿದ್ದೆ. ಬಾಗಿಲಲ್ಲಿ ಮೇಜು ಹಾಕ್ಕೊಂಡು ಒಬ್ಬಳು ಕೂತಿದ್ಲು. ಯಾವೂರು ಅಂದ್ಲು. ಹ್ಯಾಮಿಲ್ಟನ್ ಅಂದೆ. 'ಸಾರಿ ಮೇಡಂ, ಕುರ್ಚಿ ಐಯೊವಾದವರಿಗೆ ಮಾತ್ರ, ನೀವು ಹಿಂದೆ ನಿಂತ್ಕೊಳ್ಳಿ' ಅಂದ್ಲು. ನನ್ನ ಪಕ್ಷದವಳೇ ಕಣೋ! ಪೈ ಮಾತ್ರ ಇಸ್ಕೊಂಡ್ಲು."

ಟ್ವೈಲಾಗೆ ನಗು ಬಂತು, ನುಂಗಿಕೊಂಡಳು.

"ಐವತ್ತು ವರ್ಷದಿಂದ ಓಟು ಹಾಕ್ತಿದೀನಿ. ಒಬ್ಬನೇ ಒಬ್ಬ ನನ್ನ ಬಾಗಿಲು ತಟ್ಟಿಲ್ಲ. ಈ ಕಿಟಕೀಲಿ ನಿಂತ್ರೆ ಕಾಣುತ್ತೆ, ಅವರ ಬಸ್ಸು ನಮ್ಮೂರಲ್ಲಿ ಪೆಟ್ರೋಲ್ ಹಾಕಿಸ್ಕೊಂಡು ನಿಮ್ಮೂರಿಗೆ ಹೋಗುತ್ತೆ. ನಿಮ್ಮಲ್ಲಿ ತಿಂದು ನಿಮ್ಮ ಮಕ್ಕಳನ್ನ ಎತ್ತಿ ಮುದ್ದಾಡ್ತಾರೆ. ಇಲಿನಾಯ್ ಹೇಗಿದ್ರೂ ಅವಳದೇ ಅಂತ ಅವಳೂ ಬರಲ್ಲ, ಅವನೂ ಬರಲ್ಲ."

"ಹಾಗಾದ್ರೆ ಐಯೊವಾಕ್ಕೆ ಬಂದುಬಿಡಕ್ಕಾ! ಮೇಲಿನ ಕೋಣೆ ಖಾಲಿ ಇದೆ" ಎಂದು ನಕ್ಕೆ.

"ಅಂದ್ರೆ ನಾನು ಮನುಷ್ಯಳಾಗೋಕೆ ಮನೆ ಬದಲಾಯಿಸ್ಬೇಕಾ?"

ನಾನು ಎದ್ದೆ. ಪೂರ್ತಿ ದನಿ ತೆಗೆದೆ. ಸಣ್ಣ ರಾಜ್ಯಗಳನ್ನು ದೊಡ್ಡ ಊರುಗಳು ನುಂಗಬಾರದೆಂದು ಹಿರಿಯರು ಕಟ್ಟಿದ ಕೋಟೆ ಇದು, ನೇರ ಓಟಾದರೆ ಶಿಕಾಗೋ ನ್ಯೂಯಾರ್ಕಿನವರೇ ದೊರೆಗಳು, ಕಿಯೊಕಕ್ ಕಡೆ ಯಾವನೂ ತಲೆಹಾಕಿ ಮಲಗುವುದಿಲ್ಲ, ಇತ್ಯಾದಿ. ಗಾಜಿನ ಲೋಟಗಳು ನಡುಗಿದವು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಹ್ಯಾಮಿಲ್ಟನ್ ಶಿಕಾಗೋನೇನೋ? ಮೂರು ಸಾವಿರ ಜನ ಇಲ್ಲ ಇಲ್ಲಿ. ಕೂತ್ಕೋ, ಗ್ರೇವಿ ಆರುತ್ತೆ."

ಬರುವಾಗ ಸೇತುವೆಯ ಮೇಲೆ ಟ್ವೈಲಾ ಅಕ್ಕನ ಊರಿನ ದೀಪಗಳನ್ನು ತಿರುಗಿ ನೋಡಿದಳು. ನಾನೂ.

ಡಿಸೆಂಬರ್ 2, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಒಂದು ಫೋನು. ಇನ್ನೊಂದು ರಾಜ್ಯದ ಎಲೆಕ್ಟರ್, ನಮ್ಮದೇ ಪಕ್ಷ, ಹಲ್ಲಿನ ಡಾಕ್ಟರು, ಹೆಸರು ಆ್ಯಂಬ್ರೋಸ್. ತಗ್ಗಿದ ದನಿ, ಪಿತೂರಿಯ ದನಿ.

"ಸ್ಟೌಟ್ ಅವ್ರೇ, ಹನ್ನೊಂದು ಲಕ್ಷ ಜನ! ನನಗೆ ನಿದ್ದೆ ಬರ್ತಿಲ್ಲ. ನಾನು ಗವರ್ನರಿಗೆ ಹಾಕೋದು ಅಂತ ತೀರ್ಮಾನ ಮಾಡಿದೀನಿ. ಇನ್ನೊಬ್ಬರು ಸಿಕ್ಕಿದಾರೆ. ಮೂರನೆಯವರು ಬೇಕು. ಮೂರು ಜನ ಈ ಕಡೆಯಿಂದ ಆ ಕಡೆ ಹೋದ್ರೆ ಅವ್ರಿಗೆ ಇನ್ನೂರ ಎಪ್ಪತ್ತು, ಗೆಲ್ಲೋಕೆ ಅಷ್ಟು ಸಾಕು."

ಮೂರನೆಯವನು! ದೇಶದ ಚರಿತ್ರೆ ಒಂದು ಬಾಗಿಲು, ಅದರ ಚಿಲಕ ಡೆಲ್ಮರ್ ಸ್ಟೌಟನ ಬೆರಳ ತುದಿಯಲ್ಲಿ! ಯೋಚಿಸುತ್ತೇನೆ ಎಂದೆ. ಫೋನಿಟ್ಟು ಮಾರುಕಟ್ಟೆಯವರೆಗೆ ನಡೆದೆ, ಏನೂ ಕೊಳ್ಳದೆ ವಾಪಸು ಬಂದೆ, ಮತ್ತೆ ಹೋದೆ.

ಡಿಸೆಂಬರ್ 5, ಶುಕ್ರವಾರ

ಮಾಡುತ್ತೇನೆ.

ನಲ್ಲಿಯವನ ಪತ್ರ, ವೆಂಡೆಲನ ಪ್ರಶ್ನೆ, ಅಕ್ಕನ ಕಿಟಕಿ. ಎಲ್ಲ ಸೇರಿ ಎದೆಯಲ್ಲಿ ಕುಳಿತಿವೆ. ಜನ ಆರಿಸಿದವರು ಅಧ್ಯಕ್ಷರಾಗಲಿ! ಮೂರು ಸಾಲು ಓದಲು ಎದ್ದವನು ಗುಡುಗುವುದನ್ನು ಇಡೀ ದೇಶ ಕೇಳಲಿ! ಭಾಷಣ ಬರೆದೆ, ಒಂಬತ್ತು ಪುಟ. ಹೊಸ ಸೂಟು ಹೊಲಿಸಿದೆ. ಕಡು ನೀಲಿ, ದೀಪದ ಬೆಳಕಿಗೆ ಚೆನ್ನಾಗಿ ಕಾಣುತ್ತದೆ.

ಟ್ವೈಲಾಗೆ ಹೇಳಿಲ್ಲ. ಅವಳು ಕೇಳಿಯೂ ಇಲ್ಲ. "ಹೊಟ್ಟೇಲಿ ಏನೋ ಇಟ್ಕೊಂಡಿದೀಯ. ಒಂದು ವಾರದಿಂದ ಉಪ್ಪಿಲ್ಲದ ಸಾರು ತಿಂತಿದೀಯ, ಗೊತ್ತಾ?" ಎಂದಳು. ಗೊತ್ತಾಗಿರಲಿಲ್ಲ.

ಡಿಸೆಂಬರ್ 9, ಮಂಗಳವಾರ

ಅಕ್ಕನಿಗೆ ಹೇಳಿಬಿಡೋಣವೆಂದು ಹೋದೆ. ಅವಳು ಅತ್ತು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆ ದೃಶ್ಯವನ್ನು ಸೇತುವೆಯ ಮೇಲೇ ಕಲ್ಪಿಸಿಕೊಂಡಿದ್ದೆ, ನನ್ನ ಮಾತು ಕೂಡ.

ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಹೇಳಿದೆ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಯಾರೋ ನಿನ್ನ ಕೇಳಿದ್ದು?"

"ನಿನಗೋಸ್ಕರ ಅಕ್ಕಾ! ನಿನ್ನ ಓಟಿಗೋಸ್ಕರ!"

"ನನಗೋಸ್ಕರ! ಇಲ್ಲೀವರೆಗೆ ಐನೂರ ಮೂವತ್ತೆಂಟು ಜನ ನನ್ನ ತಲೆ ಮೇಲೆ ಕೂತಿದ್ರು. ಈಗ ಮೂರೇ ಜನವಾ? ನೀನು, ಒಬ್ಬ ಹಲ್ಲು ಕೀಳೋನು, ಇನ್ನೊಬ್ಬ ಯಾವನೋ? ಇದಕ್ಕೇನೋ ನಾನು ಅಷ್ಟು ಬಡ್ಕೊಂಡಿದ್ದು?"

"ಅಕ್ಕಾ, ನಿಮ್ಮ ಗವರ್ನರಮ್ಮ ಗೆಲ್ತಾಳೆ..."

"ಗೆಲ್ಲಬೇಕು ಅಂತ ನನಗೆ ಎಷ್ಟು ಆಸೆ ಇದೆ ಗೊತ್ತೇನೋ ನಿನಗೆ? ಆದ್ರೆ ನಿಮ್ಮ ರಾಜ್ಯದಲ್ಲಿ ಏಳು ಲಕ್ಷ ಜನ ನಿಮ್ಮವನಿಗೆ ಅಂತ ನಿನ್ನ ಕೈಗೆ ಓಟು ಕೊಟ್ಟಿದಾರೆ. ವೆಂಡೆಲ್ ಕೊಟ್ಟಿದಾನೆ. ಅವರನ್ನೂ ಹಿಂದೆ ನಿಂತ್ಕೊಳ್ಳಿ ಅಂತೀಯಾ? ನನ್ನನ್ನ ಲೆಕ್ಕಕ್ಕೆ ಹಿಡೀರಿ ಅಂದೆ ಕಣೋ. ನನ್ನ ಉದ್ಧಾರ ಮಾಡು ಅನ್ನಲಿಲ್ಲ. ಚಿಕ್ಕಂದಿನಿಂದ ಹಿಂಗೇ ನೀನು, ಯಾರಾದ್ರೂ ಬಿದ್ರೆ ಎತ್ತೋಕೂ ಮೊದಲು ಯಾರು ನೋಡ್ತಿದಾರೆ ಅಂತ ತಿರುಗಿ ನೋಡ್ತೀಯ."

ಅವಳು ಮತ್ತೆ ಇಸ್ತ್ರಿಗೆ ತೊಡಗಿದಳು. ಅವಳು ಮಡಿಸಿಟ್ಟ ಹಾಸುಗಳನ್ನು ಕಪಾಟಿಗಿಟ್ಟು ಬಂದೆ.

ಡಿಸೆಂಬರ್ 10, ಬುಧವಾರ

ಎರಡು ಸಲ ಸೇತುವೆಯ ಅರ್ಧದವರೆಗೆ ನಡೆದು ತಿರುಗಿ ಬಂದೆ. ಅಲ್ಲೊಂದು ಹಸಿರು ಫಲಕವಿದೆ, ಈ ಕಡೆ ಐಯೊವಾ ಆ ಕಡೆ ಇಲಿನಾಯ್. ನೀರಿಗೆ ಅದು ತಿಳಿದಂತೆ ಕಾಣಲಿಲ್ಲ.

ಡಿಸೆಂಬರ್ 13, ಶನಿವಾರ

ಆ್ಯಂಬ್ರೋಸರಿಗೆ ಫೋನು ಮಾಡಿ ಆಗುವುದಿಲ್ಲ ಎಂದೆ. "ಹೆದರಿದ್ರಾ?" ಎಂದರು.

ಹೆದರಿಲ್ಲ ಎಂದು ಗುಡುಗಬಹುದಿತ್ತು. "ಗೊತ್ತಿಲ್ಲ ಡಾಕ್ಟ್ರೇ. ನನ್ನ ಕೈಯಲ್ಲಿರೋದು ನನ್ನ ಓಟಲ್ಲ ಅನ್ನಿಸ್ತಿದೆ" ಎಂದೆ.

"ಹಾಗಾದ್ರೆ ಹನ್ನೊಂದು ಲಕ್ಷ ಜನ?"

"ಅವರಿಗೆ ಅನ್ಯಾಯ ಆಗಿದೆ. ಅದನ್ನ ಸರಿಮಾಡೋಕೆ ನಾವ್ಯಾರು ಮೂರು ಜನ?"

ಅವರು ಅಳುತ್ತಿದ್ದರೆಂದು ತೋರುತ್ತದೆ. ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ನನಗೂ ಇಲ್ಲ ಎಂದೆ. ಹೆಂಡತಿ, ನಾಯಿ, ಅವರೂರಿನ ಹಿಮ ಎಂದು ಅರ್ಧ ಗಂಟೆ ಮಾತಾಡಿದರು. ಕೇಳಿದೆ.

ಡಿಸೆಂಬರ್ 15, ಸೋಮವಾರ

ಡೆ ಮೊಯ್ನ್. ಗುಮ್ಮಟ ಹೊಳೆಯುತ್ತಿತ್ತು. ಏಳು ಜನ, ಏಳು ಮೇಜು. ಮೇಲಿನ ಸಾಲಿನಲ್ಲಿ ಒಂದು ಶಾಲೆಯ ಮಕ್ಕಳು, ಕೋಟು ಹೊದ್ದು ನಿದ್ದೆ ಹೋದ ಒಬ್ಬರು. ಗುಮಾಸ್ತೆ ಒಂದೊಂದು ಚೀಟಿ ಕೊಟ್ಟಳು. ಅದರ ಮೇಲೆ ನಮ್ಮ ಸೆನೆಟರ ಹೆಸರು ಮೊದಲೇ ಅಚ್ಚಾಗಿತ್ತು.

ಒಂದೂವರೆ ತಿಂಗಳು ನಾನು ಉರಿದದ್ದೆಲ್ಲ ಈ ಚೀಟಿಗೆ. ಬರೆಯಲು ಜಾಗವೇ ಇಲ್ಲ, ಸಹಿಗೊಂದು ಗೆರೆ ಬಿಟ್ಟರೆ. ಪಕ್ಕದ ಮೇಜಿನ ಮುದುಕಿ, "ಬೇರೆ ಹೆಸರು ಬೇಕಂದ್ರೆ ಹೊಡೆದು ಹಾಕ್ಬೇಕಪ್ಪ" ಎಂದು ಪಿಸುಗುಟ್ಟಿ ತಾನೇ ನಕ್ಕಳು. ಸಹಿ ಹಾಕಿದೆ. ವೆಂಡೆಲ್ ಕಣ್ಣ ಮುಂದೆ ಬಂದ. ಪ್ರಮಾಣಪತ್ರದ ಆರು ಪ್ರತಿಗಳಿಗೂ ಹಾಕಿದೆ. ಎಲ್ಲ ಸೇರಿ ಹದಿನೆಂಟು ನಿಮಿಷ.

ಆಮೇಲೆ ಎದ್ದು ಮೂರು ಸಾಲು ಓದಿದೆ. ಒಂಬತ್ತು ಪುಟ ಮನೆಯಲ್ಲೇ ಇದ್ದವು. ಇಳಿದು ಬಂದಾಗ ನೋರೀನ್, "ಏನಯ್ಯಾ, ಮೈಕ್ ಕೆಟ್ಟಿತ್ತಾ? ನಾಲ್ಕನೇ ಸಾಲಿನ ಕುರ್ಚಿಗೇ ಕೇಳಿಸ್ಲಿಲ್ಲ" ಎಂದಳು. ಇರಬಹುದು. ನಾನು ಗಮನಿಸಲಿಲ್ಲ.

ರೇಡಿಯೋದಲ್ಲಿ ದೇಶದ ಲೆಕ್ಕ ಬಂತು. ಇನ್ನೂರ ಎಪ್ಪತ್ತೊಂದು, ಇನ್ನೂರ ಅರವತ್ತೇಳು. ಆ್ಯಂಬ್ರೋಸ್ ಕೂಡ ಪಕ್ಷಕ್ಕೆ ಕೊಟ್ಟ ಮಾತಿನಂತೆ ಹಾಕಿದ್ದಾರೆ.

ಜನವರಿ 18, ಭಾನುವಾರ

ನಾಲ್ಕು ಗಂಟೆಗೆ ಫೋನು ಬಂತು. ಅಕ್ಕ ಹಲೋ ಎನ್ನಲಿಲ್ಲ, ಪತ್ರಿಕೆ ಓದಿದಳು. ದೇಶದಲ್ಲಿ ಒಟ್ಟು ಯಾರಿಗೆ ಹೆಚ್ಚು ಓಟು ಬರುತ್ತದೋ ಅವರಿಗೇ ಐಯೊವಾದ ಎಲೆಕ್ಟರುಗಳೆಲ್ಲ ಸಲ್ಲಬೇಕೆಂದು ನಮ್ಮ ಶಾಸನಸಭೆಯಲ್ಲಿ ಒಂದು ಮಸೂದೆ ಬಂದಿದೆ. ಸಾಕಷ್ಟು ರಾಜ್ಯಗಳು ಒಪ್ಪಿದರೆ ಜಾರಿ. ಫೆಬ್ರವರಿ ನಾಲ್ಕಕ್ಕೆ ಉಪಸಮಿತಿಯ ಮುಂದೆ ಯಾರು ಬೇಕಾದರೂ ಮಾತಾಡಬಹುದು, ತಲಾ ಎರಡು ನಿಮಿಷ.

"ಹೋಗ್ತೀಯಾ?" ಎಂದಳು.

"ನೀನೂ ಬಾ" ಎಂದೆ.

ಮಸೂದೆಯ ಪರ ಮಾತಾಡಲು ಹೋಗುತ್ತೇನೆಂದು ಸಂಜೆ ನೋರೀನ್‌ಗೆ ತಿಳಿಸಿದೆ, ಇನ್ನೊಬ್ಬರಿಂದ ತಿಳಿಯಬಾರದೆಂದು. "ನಮ್ಮನ್ನ ಮೇಲೆ ಹತ್ತಿಸಿದ ಏಣೀನೇ ಕಡೀತೀಯಲ್ಲೋ! ಇನ್ನು ನಿನ್ನ ಹೆಸರು ಯಾವ ಪಟ್ಟೀಲೂ ಇರಲ್ಲ, ನೆನಪಿಟ್ಕೋ" ಎಂದಳು. ಇಪ್ಪತ್ತು ವರ್ಷದ ಸ್ನೇಹ. ಅವಳ ಮಗಳ ಮದುವೆಯಲ್ಲಿ ಹಾಡಿದವನು ನಾನು. ನೋವಾಯಿತು. ಆದರೂ ಸಾರಿಗೆ ಉಪ್ಪು ಸಾಲದೆಂದು ಇವತ್ತು ಗೊತ್ತಾಯಿತು.

ಫೆಬ್ರವರಿ 4, ಬುಧವಾರ

ಸಣ್ಣ ಕೋಣೆ, ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮೂವರು ಶಾಸಕರು. ಬಾಗಿಲಲ್ಲಿ ಹೆಸರು ಬರೆಸಿದೆವು, ನನ್ನ ಸರದಿ ಮೂವತ್ತೊಂದು. ಗುಮಾಸ್ತೆ ಅಕ್ಕನ ವಿಳಾಸ ನೋಡಿದಳು. "ಅಮ್ಮಾ, ಐಯೊವಾದವರು ಮಾತ್ರ ಮಾತಾಡ್ಬೋದು. ನೀವು ಹಿಂದೆ ಕೂತು ಕೇಳಿ."

ಅಕ್ಕ ಮಾತು ಬರೆದು ತಂದಿದ್ದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ಮತ್ತೊಮ್ಮೆ ಮಡಚಲು ಹೊರಗೆ ತೆಗೆದಳು.

ಮೂರು ಗಂಟೆ ಕಾದೆವು. ಹಂದಿ ಸಾಕುವವನೊಬ್ಬ, ನೇರ ಓಟಾದರೆ ತನ್ನ ಹಳ್ಳಿಯ ಹೆಸರು ಯಾವ ಅಧ್ಯಕ್ಷನ ಬಾಯಲ್ಲೂ ಬರುವುದಿಲ್ಲ ಎಂದ. ತಾನು ಗವರ್ನರಮ್ಮನ ಕೈ ಕುಲುಕಿದ್ದನ್ನು ಹೇಳುವಾಗ ಆ ಕೈಯನ್ನು ಮೇಲೆತ್ತಿ ತೋರಿಸಿದ. ಅವನದೂ ಸುಳ್ಳಲ್ಲ. ದಾದಿಯೊಬ್ಬಳು ತನ್ನ ಆಸ್ಪತ್ರೆಯಲ್ಲಿ ಯಾವ ರೋಗಿಗೂ ಯಾವ ರಾಜ್ಯವೆಂದು ಕೇಳಿ ಔಷಧ ಕೊಡುವುದಿಲ್ಲ ಎಂದಳು. ಇತಿಹಾಸದ ಮೇಷ್ಟರೊಬ್ಬರು ಎರಡು ನಿಮಿಷದಲ್ಲಿ ಪೀಠಿಕೆಯನ್ನೂ ಮುಗಿಸಲಿಲ್ಲ. ಹತ್ತೊಂಬತ್ತನೆಯವಳು ಹೆಸರು ಹೇಳಿ ಅತ್ತುಬಿಟ್ಟಳು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅವಳಿಗೂ ಎರಡು ನಿಮಿಷ ಕೊಟ್ಟರು.

ಮೂವತ್ತೊಂದು ಎಂದರು. ಅಕ್ಕನನ್ನು ಕರೆದುಕೊಂಡೇ ಮೈಕಿನ ಹತ್ತಿರ ಹೋದೆ.

"ನಾನು ಡೆಲ್ಮರ್ ಸ್ಟೌಟ್, ಕಿಯೊಕಕ್. ಡಿಸೆಂಬರಿನಲ್ಲಿ ಅಧ್ಯಕ್ಷರನ್ನು ಆರಿಸಿದ ಐಯೊವಾದ ಏಳು ಜನರಲ್ಲಿ ನಾನೊಬ್ಬ. ಇದು ನನ್ನಕ್ಕ. ನನ್ನ ಉಳಿದ ಹೊತ್ತು ಇವಳದು."

ಅಧ್ಯಕ್ಷತೆ ವಹಿಸಿದ್ದ ಶಾಸಕಿ ಕನ್ನಡಕ ತೆಗೆದರು. "ಆ ಥರ ನಿಯಮ ಇಲ್ಲ ಸಾರ್."

ಹಿಂದಿನಿಂದ ಹಂದಿಯವನು ಕೂಗಿದ, "ಅವ್ನ ಟೈಮು ಅವ್ನಿಷ್ಟ ಕಣಮ್ಮಾ, ಬಿಡಿ!" ನಾಲ್ಕಾರು ಜನ ಹೌದೌದು ಎಂದರು. ಶಾಸಕಿ ಗಡಿಯಾರ ನೋಡಿ, "ಒಂದೂವರೆ ನಿಮಿಷ ಇದೆ" ಎಂದರು.

ಅಕ್ಕ ಕಾಗದ ತೆಗೆಯಲೇ ಇಲ್ಲ. "ನಾನು ಆರ್ಡಿಸ್. ನದಿಯಾಚೆ ಹ್ಯಾಮಿಲ್ಟನ್‌ನವಳು. ನನಗೂ ಇವನಿಗೂ ಒಬ್ಬಳೇ ತಾಯಿ. ಇವನ ಓಟು ಕೇಳ್ಕೊಂಡು ಮೂರು ತಿಂಗಳು ಪ್ರಚಾರದ ಬಸ್ಸು ಬಂತು. ನನ್ನದನ್ನ ಯಾರೂ ಕೇಳ್ಲಿಲ್ಲ. ನಂದು ಇವನಿಗಿಂತ ಜಾಸ್ತಿ ತೂಗಲಿ ಅಂತ ನಾನು ಹೇಳ್ತಿಲ್ಲ. ಅಷ್ಟೇ ತೂಗಲಿ. ನಾನು ಸೋಲೋಕೂ ತಯಾರು. ಆದ್ರೆ ಎಣಿಸಿದ ಮೇಲೆ ಸೋಲ್ತೀನಿ." ಇನ್ನೂ ನಲವತ್ತು ಸೆಕೆಂಡು ಇತ್ತು. "ಇಷ್ಟೇ" ಎಂದಳು.

ನಾನು ಅವಳ ಕೋಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಚಪ್ಪಾಳೆ ತಟ್ಟಬಾರದೆಂದು ಅಲ್ಲಿ ಮೊದಲೇ ಹೇಳಿದ್ದರು. ಮೂವತ್ತೆರಡನೆಯವರು ಬಂದರು.

ಸಂಜೆ ಮೂವರು ಶಾಸಕರು ಓಟು ಹಾಕಿದರು. ಒಬ್ಬರು ಪರ, ಇಬ್ಬರು ವಿರೋಧ. ಮಸೂದೆ ಅಲ್ಲಿಗೇ ಮುಗಿಯಿತು.

ಕಾರಿನಲ್ಲಿ ಒಟ್ಟಮ್ವಾ ಊರು ದಾಟುವವರೆಗೆ ಅಕ್ಕ ಹೊರಗೆ ಹಿಮ ನೋಡುತ್ತಿದ್ದಳು. ಆಮೇಲೆ ಹೇಳಿದಳು, "ಮುಂದಿನ ವರ್ಷ ಮಸೂದೆ ಮತ್ತೆ ತಂದೇ ತರ್ತಾರೆ. ಇನ್ನೂ ಬೇಗ ಹೊರಡೋಣ. ಮೂವತ್ತೊಂದು ತುಂಬಾ ಹಿಂದಾಯ್ತು."

ಹೂಂ ಎಂದೆ.